ಗೋಮತಿ ಹೇಳಿದ ದಾರಿ

ಕೋಟದ ಗೋಮತಿ ಬಾಯಿ ಬಿಟ್ಟರೆ ಎದುರಿನವರು ಬಾಯಿ ಮುಚ್ಚಬೇಕು. ಹೋಟೆಲುಗಳಿಗೆ ಇಡ್ಲಿ ಹಿಟ್ಟು ರುಬ್ಬಿಕೊಡುವ ಹೆಂಗಸು; ಹಿಟ್ಟು ಹುಳಿಯಾಯಿತು ಎಂದವರ ನೀರಿಳಿಸಿ ಕಳಿಸಿದ್ದೂ ಇದೆ. ಅಂಥವಳ ಬಾಯಲ್ಲೂ ಒಂದು ಪ್ರಶ್ನೆ ಮಾತ್ರ ಬರುತ್ತಿರಲಿಲ್ಲ. ಹೊರಟು ನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಅತ್ತೆ ಕಲಿಸಿದ ಪಾಠ, ಅವಳು ಒಮ್ಮೆಯೂ ಮೀರಿದವಳಲ್ಲ.

ಗಂಡ ಉದಯಶಂಕರ ಸಾಲಿಗ್ರಾಮದ ದೇವಸ್ಥಾನದಲ್ಲಿ ಸೌಟು ಹಿಡಿದವನು. ಮೂರು ವರ್ಷಗಳಿಂದ ಲಿಬಿಯಾದ ಎಣ್ಣೆ ಬಾವಿಗಳ ಕ್ಯಾಂಪಿನಲ್ಲಿ ಅಡುಗೆಯವ. ಅಲ್ಲಿ ಒಡಹುಟ್ಟಿದವರೇ ಬಡಿದಾಡುತ್ತಿದ್ದಾಗ ಹೊರದೇಶದ ಸೈನ್ಯ ಬಂದಿಳಿಯಿತು. ಜನರನ್ನು ಕಾಯಲು ಬಂದಿದ್ದಾರೆ ಎಂದು ಟೀವಿಯವರು ಹೇಳಿದರು. ಅದನ್ನು ಕೇಳಿ ಉದಯಶಂಕರ ಫೋನಿನಲ್ಲೇ ನಕ್ಕಿದ್ದ.

“ಬಾವಿ ಸುತ್ತ ಮರಳಿನ ಚೀಲ ಪೇರ್ಸಿರ್ ಕಾಣ್. ನಮ್ಮ ಅಡುಗೆಮನಿಗ್ ಒಂದೂ ಇಲ್ಲೆ.”

ಆ ಮಂಗಳವಾರ ಹನ್ನೊಂದಕ್ಕೆ ಅವನ ಫೋನು ಬಂದಾಗ ನಗು ಇರಲಿಲ್ಲ. ಹಿಂದೆ ಯಾರೋ ಕಿರುಚುತ್ತಿದ್ದರು.

“ಬಾಂಬ್ ಹತ್ರವೇ ಬಿತ್ತ್. ಗಾಡಿ ಬಂತ್, ನಾನ್ ಹೊರಟೆ.”

“ದೇವ್ರಿದ್ದ. ಹುಷಾರ್,” ಎಂದಳು. ನಾಲಗೆಯ ತುದಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡಳು. ಲೈನು ಕಡಿದುಹೋಯಿತು.

ಅರ್ಧ ಗಂಟೆಯಲ್ಲಿ ಮುಂಬಯಿಯಿಂದ ಜಿತೇಂದ್ರನ ಫೋನು. ಊರು ನಾವುಂದ, ಹೊರದೇಶಕ್ಕೆ ಜನ ಕಳಿಸುವ ಏಜೆಂಟ; ಉದಯಶಂಕರನನ್ನು ಆ ಕೆಲಸಕ್ಕೆ ಕಳಿಸಿದವನೂ ಅವನೇ.

“ಗೋಮತಿಯಕ್ಕ, ಎರಡ್ ಗಾಡಿ ಹೊರಟಿತ್. ಒಂದ್ ಬಂದರಿಗೆ, ಅಲ್ಲ್ ಹಡಗ್ ಇತ್. ಇನ್ನೊಂದ್ ಎಣ್ಣೆ ಪಂಪಿಂಗ್ ಸ್ಟೇಷನ್ನಿಗೆ, ಅಲ್ಲಿದ್ದವ್ರನ್ನ್ ಕರ್ಕಂಡ್ ಬಪ್ಪುಕೆ ಬೇರೆ ಗಾಡಿ ಕಳ್ಸ್ತ್ರ್. ಎರಡಕ್ಕೂ ಪಟ್ಟಿ ಕಳ್ಸುದ್ ನಾನೇ, ಒಬ್ರ ಹೆಸ್ರ್ ಒಂದೇ ಪಟ್ಟಿಗೆ. ಉದಯಣ್ಣನ ಫೋನ್ ತಾಗ್ತಿಲ್ಲೆ. ಬೇಗ ಹೇಳಿ, ಎಲ್ಲಿಗ್ ಹೋತೆ ಅಂದ್ರ್?”

“ಗೊತ್ತಿಲ್ಲೆ ಅನ್ನ್, ಅಮ್ಮ,” ಎಂದು ಮಗಳು ಶ್ರಾವ್ಯ ಪಿಸುಗುಟ್ಟಿದಳು.

ಗೊತ್ತಿಲ್ಲ ಎಂದರೆ ಎರಡು ಪಟ್ಟಿಯಿಂದಲೂ ಹೆಸರು ಬಿದ್ದುಹೋದೀತೆಂದು ಗೋಮತಿಗೆ ಭಯ. ಕಡಲ ಬದಿಯಲ್ಲೇ ಹುಟ್ಟಿ ಬೆಳೆದವಳು. ಬಂದರು ಅಂದರೆ ಅರ್ಧ ಮನೆ ತಲುಪಿದ ಹಾಗೆ ಅನ್ನಿಸಿತು.

“ಬಂದರಿಗೆ. ಬಂದರಿಗೇ ಅಂದ್ರ್.”

ಆಮೇಲೆ ಶ್ರಾವ್ಯ ಟೀವಿ ಹಾಕಿದಳು, ಗೋಮತಿ ಆರಿಸಿದಳು. ಮತ್ತೆ ತಾನೇ ಹಾಕಿದಳು. ನಾಲ್ಕು ಗಂಟೆಗೆ ಜಿತೇಂದ್ರ ಮತ್ತೆ ಮಾಡಿದ. ಬಂದರಿನ ಗಾಡಿ ಮುಟ್ಟಿದೆ, ಅದರಲ್ಲಿ ಉದಯಣ್ಣ ಇಲ್ಲ ಎಂದ.

ಅವಳು ಫೋನು ಕೆಳಗಿಡುವಷ್ಟರಲ್ಲಿ ಗುರುತಿಲ್ಲದ ನಂಬರಿನಿಂದ ಗಂಡನ ದನಿ ಬಂತು. ಹಿಂದಿನಿಂದ ಗುಂಡಿನ ಸದ್ದು.

“ಗೋಮತೀ, ನಾನ್ ಪಂಪಿಂಗ್ ಸ್ಟೇಷನ್ನಗೆ ಇದ್ದೆ. ಈ ಸೈನ್ಯದವ್ರಿಗೆ ಪೈಪ್ ಕಾಯುದೊಂದೇ ಕೆಲ್ಸ. ಕರ್ಕಂಡ್ ಹೋಪುಕೆ ಗಾಡಿ ಬಂದಿತ್ತ್. ನನ್ನ ಒಟ್ಟಿಗಿದ್ದ ಬೈಂದೂರಿನ ಸೋಮನನ್ನ್ ಹತ್ಸಿಕಂಡ್ರ್. ನನ್ನ ಹೆಸ್ರ್ ಪಟ್ಟಿಯಗೆ ಇಲ್ಲೆ ಅಂದ್ರ್. ಇನ್ನ್ ಗಾಡಿ ಬತ್ತಿಲ್ಲೆ ಅಂಬ್ರ್. ಆ ಜಿತೇಂದ್ರನಿಗ್ ಎಂತ ಆಯ್ತ್, ನನ್ನನ್ನೇ ಮರ್ತನಾ?”

ಶ್ರಾವ್ಯ ಫೋನಿಗೆ ಕೈಚಾಚಿದಳು. ಗೋಮತಿ ಕೊಡಲಿಲ್ಲ.

“ಜಿತೇಂದ್ರ ಅಲ್ಲ. ನಿಮ್ಮ ಹೆಸ್ರ್ ಬಂದರಿನ ಪಟ್ಟಿಗ್ ಬರ್ಸಿದ್ದ್ ನಾನೇ.”