ಅಪ್ಪ ಮೂಗಿಗೆ ಹಿಡಿದ ನಿಂಬೆಹಣ್ಣು

“ಅವತ್ತ ಬಸ್ಸಿನ್ಯಾಗ ನೀ ಎಲ್ಲಿದ್ದ್ಯೋ? ನೀ ಇನ್ನೂ ತೊಟ್ಟಲದಾಗ ಇದ್ದಿ. ನಿಮ್ಮಪ್ಪನ ತೊಡಿ ಮ್ಯಾಲ ಕುಂತಾಂವ ನಿಮ್ಮಣ್ಣ. ಬಾಜೂಕ ನಾನ ಇದ್ದೆ!”

ಅಪ್ಪನ ತಂಗಿ, ನಮ್ಮ ಅತ್ತೆ, ನಗುತ್ತಲೇ ಹೀಗೆ ಅಂದುಬಿಟ್ಟರು. ಸಿಂದಗಿಯಲ್ಲಿ ಅಣ್ಣನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮದ ಊಟ ಮುಗಿದಿತ್ತು. ಅಪ್ಪನ ಬಗ್ಗೆ ನನಗಿದ್ದ ಒಂದೇ ಒಂದು ನೆನಪನ್ನು ಮನೆಯ ಮಕ್ಕಳಿಗೆ ಹೇಳುತ್ತಿದ್ದೆ. ಇಂಡಿಗೆ ಹೊರಟ ಬಸ್ಸಿನಲ್ಲಿ ನನಗೆ ಓಕರಿಕೆ ಬಂದಿತ್ತು. ಅಪ್ಪ ಕಿಸೆಯಿಂದ ನಿಂಬೆಹಣ್ಣು ತೆಗೆದು, ಸಿಪ್ಪೆಯನ್ನು ಉಗುರಿನಿಂದ ಗೀರಿ, ನನ್ನ ಮೂಗಿಗೆ ಹಿಡಿದಿದ್ದ.

ನಾನು ಅಣ್ಣನ ಮುಖ ನೋಡಿದೆ. ಅವನು ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆಯೇ ಹೇಳಿದ: “ಇರ್ಲಿ ಬಿಡ್ರಿ ಅತ್ತಿ. ಅಂವಗ ಅಪ್ಪಂದು ಅಂತ ಇರೂದು ಅದೊಂದ.”

ಅಪ್ಪ ತೀರಿಕೊಂಡಾಗ ನಾನು ತೀರಾ ಚಿಕ್ಕವನು. ಅಪ್ಪ ಹೇಗಿದ್ದ ಎಂದು ನಾನು ಕೇಳಿದಾಗಲೆಲ್ಲ ಅಣ್ಣ ಈ ಬಸ್ಸಿನ ಕತೆಯನ್ನೇ ಹೇಳುತ್ತಿದ್ದ. ಅದನ್ನು ಕೇಳಿ ಕೇಳಿ, ಆಮೇಲೆ ಕಂಡವರಿಗೆಲ್ಲ ಹೇಳಿ ಹೇಳಿ, ಅವನು ಕೂತ ತೊಡೆಯ ಮೇಲೆ ನಾನೇ ಹೋಗಿ ಕೂತುಬಿಟ್ಟಿದ್ದೆ. ಅಣ್ಣನ ಎದುರಿಗೇ ಎಷ್ಟು ಸಲ ಹೇಳಿದ್ದೆನೋ! “ಅದು ನಾನು” ಎಂದು ಅವನು ಒಮ್ಮೆಯೂ ಅನ್ನಲಿಲ್ಲ.

ಮುದ್ದೇಬಿಹಾಳಕ್ಕೆ ಮರಳುವಾಗ ಬಸ್ಸಿನಲ್ಲಿ, ರೂಢಿಯಂತೆ, ಕಿಸೆಯ ನಿಂಬೆಹಣ್ಣನ್ನು ಗೀರಿ ಮೂಗಿಗೆ ಹಿಡಿದೆ. ಅಪ್ಪ ಎಂದಿನಂತೆಯೇ ಕಣ್ಣ ಮುಂದೆ ಬಂದ. ಅವನ ತೊಡೆಯ ಮೇಲೆ ಅಣ್ಣ ಕೂತಿದ್ದ. ನನಗೆ ಅಲ್ಲಿ ಜಾಗವಿರಲಿಲ್ಲ.