ಗೌರಕ್ಕನ ಸರ್ಟಿಫಿಕೇಟಿಗೆ ಹಾಕಿದ ಹಾರ

ಗೌರಕ್ಕ ಕುರ್ಚಿಯ ಮೇಲೆ ಕೂತು ಕಂಪ್ಯೂಟರ್ ರಿಪೇರಿ ಮಾಡಿದ್ದನ್ನು ನಾನು ಕಂಡಿಲ್ಲ. ಎಲ್ಲವನ್ನೂ ಮೇಜಿನಿಂದ ಇಳಿಸಿ, ಶೇಂಗಾ ಬಿಡಿಸಲು ಕೂತವಳಂತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಯಾರಾದರೂ ಪರದೆಯ ತಲೆಗೆ ತಟ್ಟಿದರೆ ಕನ್ನಡಕದ ಮೇಲಿನಿಂದ ನೋಡಿ, "ಎತ್ತು ಅಲ್ರಿ ಅದು, ಹೊಡದ್ರ ಏಳಾಕ" ಅನ್ನುತ್ತಿದ್ದಳು.

ಕೊಟ್ಟೂರಿನ ನಮ್ಮ ವರ್ತಕರ ಸಂಘದಲ್ಲಿ ನಾನು ಗುಮಾಸ್ತ. ಪುಕ್ಕಟೆ ಸಿಗುತ್ತದೆಂದು ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿದ್ದೆವು. ಊರಲ್ಲಿ ಅದು ಗೊತ್ತಿದ್ದದ್ದು ಗೌರಕ್ಕನೊಬ್ಬಳಿಗೆ. ವರ್ಷಗಟ್ಟಲೆ ಅವಳೇ ನೋಡಿಕೊಂಡಳು. ಅಷ್ಟರಲ್ಲಿ ಹೊಸ ಕಾರ್ಯದರ್ಶಿ ಬಂದ. ಲಿನಕ್ಸ್ ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಇಲ್ಲದವರ ಕೈಗೆ ಸಂಘದ ಕಂಪ್ಯೂಟರ್ ಕೊಡುವುದಿಲ್ಲ, ತಂದರೆ ಕೆಲಸ ಕಾಯಂ ಎಂದ.

ನನಗೆ ಮೈಯೆಲ್ಲ ಉರಿಯಿತು. ಗೊತ್ತಿರುವುದಕ್ಕೆ ಮತ್ತೆ ಯಾಕೆ ಪರೀಕ್ಷೆ, ಬಿಡು ಅಂದೆ. ಗೌರಕ್ಕ ಒಪ್ಪಲಿಲ್ಲ.

"ಗೊತ್ತಿದ್ದೋರು ಕಾಗದ ಕೇಳಂಗಿಲ್ಲೋ ತಮ್ಮಾ. ಗೊತ್ತಿಲ್ಲದೋರ ಬಾಯಿ ಮುಚ್ಚಾಕ ಅದು ಬೇಕು."

ಮನೆ ಕೆಲಸ ಮುಗಿಸಿ ಓದಿದಳು. ಒಬ್ಬಳೇ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಪಾಸಾದಳು. ಆವತ್ತು ಸಂಘಕ್ಕೆಲ್ಲ ಮಂಡಕ್ಕಿ, ಮಿರ್ಚಿ ಹಂಚಿದಳು.

ಆ ಪುಣ್ಯಾತ್ಮ ಕಾರ್ಯದರ್ಶಿ ಏನು ಮಾಡಿದ ಗೊತ್ತೇ? ಸರ್ಟಿಫಿಕೇಟ್ ಇಸಿದುಕೊಂಡು, ಮೂಲೆಯಲ್ಲಿ ಅವಳ ಫೋಟೋ ಅಂಟಿಸಿ, ಗಾಜಿನ ಕಟ್ಟು ಹಾಕಿಸಿ ತನ್ನ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ. ಬಂದವರಿಗೆಲ್ಲ, ನಮ್ಮ ಸಂಘದಲ್ಲಿ ಪಾಸಾದವರಿದ್ದಾರೆ ಎಂದು ತೋರಿಸಿದ. ಕೆಲಸವನ್ನು ಮಾತ್ರ ತನ್ನ ಸೋದರಳಿಯನಿಗೆ ಕೊಟ್ಟ. ಕೇಳಿದ್ದಕ್ಕೆ, ಹೆಣ್ಣುಮಗಳನ್ನು ಹೊತ್ತಲ್ಲದ ಹೊತ್ತಿನಲ್ಲಿ ಕರೆಯಲಾದೀತೇ ಎಂದ. ಅಳಿಯ ತಿಣುಕಾಡಿದಾಗೆಲ್ಲ ಫೋನು ಹೋಗುತ್ತಿದ್ದದ್ದು ಗೌರಕ್ಕನಿಗೇ. ನಾಚಿಕೆಗೆಟ್ಟವರು!

ಆಯುಧಪೂಜೆಗೆ ಅವಳನ್ನೂ ಕರೆದಿದ್ದರು. ತಕ್ಕಡಿ, ಕಲ್ಲು, ಕಂಪ್ಯೂಟರು, ಎಲ್ಲಕ್ಕೂ ವಿಭೂತಿ ಬಳಿದು ಹೂವು ಏರಿಸಿದ್ದರು. ಅದೇ ಭರದಲ್ಲಿ ಯಾರೋ ಗೋಡೆಯ ಸರ್ಟಿಫಿಕೇಟಿಗೂ ವಿಭೂತಿ ಹಚ್ಚಿ ದೊಡ್ಡ ಚೆಂಡುಹೂವಿನ ಹಾರ ಹಾಕಿದ್ದರು. ಹಾರದ ನಡುವೆ ಗೌರಕ್ಕನ ಫೋಟೋ. ಅದರ ಕೆಳಗೆ ಊದಿನಕಡ್ಡಿ ಬೇರೆ.

ಬಾಗಿಲಲ್ಲೇ ನಿಂತು ನೋಡಿದಳು. ಸೀದಾ ಹೋಗಿ ಕುರ್ಚಿ ಹತ್ತಿದಳು. ಅವಳು ಅಲ್ಲಿ ಕುರ್ಚಿ ಮುಟ್ಟಿದ್ದು ಅದೊಂದೇ ಸಲ. ಹಾರ ತೆಗೆದು ಕಾರ್ಯದರ್ಶಿಯ ಕೈಗಿಟ್ಟಳು.

"ನಾನಿನ್ನೂ ಅದೀನ್ರಿ," ಅಂದಳು. "ಕೆಲಸ ಮಾಡೂವಂಗ ಅದೀನಿ."

ಕಟ್ಟನ್ನು ಗೋಡೆಯಿಂದ ಇಳಿಸಿ, ಸೆರಗಿನಿಂದ ಒರೆಸಿ, ಕಂಕುಳಲ್ಲಿ ಇರುಕಿಕೊಂಡು ಹೊರಟಳು. ಪ್ರಸಾದ ತಗೊಂಡು ಹೋಗಕ್ಕ ಎಂದು ಕೂಗಿದೆ, ತಿರುಗಲಿಲ್ಲ. ಮುಂದೆ ಹಗರಿಬೊಮ್ಮನಹಳ್ಳಿಯಲ್ಲಿ ರಿಪೇರಿ ಅಂಗಡಿ ಹಾಕಿದ್ದಾಳೆ, ಅದೇ ಕಟ್ಟು ಬಾಗಿಲ ಎದುರಿಗೇ ಇದೆ ಎಂದು ಕೇಳಿದೆ. ನಮ್ಮ ಸಂಘಕ್ಕೆ ಅವಳು ಮತ್ತೆ ಬರಲಿಲ್ಲ. ಗೋಡೆಯ ಆ ಮೊಳೆಗೆ ಈಗ ಕಾರ್ಯದರ್ಶಿ ತನ್ನ ಛತ್ರಿ ತೂಗುಹಾಕುತ್ತಾನೆ.