ಏಳು ಸೀಟು ಕೆತ್ತಿದ ಭಾವ

ನಮ್ಮ ಭಾವ ಬೈಕ್ ಕಾರ್ಖಾನೆಯಲ್ಲಿ ಸೀಟು ಕೆತ್ತುವವರು. ಫೋಮಿನ ದಪ್ಪ ತುಂಡನ್ನು ಉದ್ದನೆಯ ಚಾಕುವಿನಿಂದ ಸವರಿ ಸವರಿ ಕೂರುವ ಆಕಾರಕ್ಕೆ ತರುವುದು, ಮೂವತ್ತು ವರ್ಷದಿಂದ ಅದೇ ಕೆಲಸ. "ಮೊದಲ ಸಲ ಮನೆಗೆ ಬಂದಾಗ ನನ್ನ ಮುಖ ನೋಡ್ಲಿಲ್ಲ ಕಣೇ, ಸೋಫಾ ಒತ್ತಿ ನೋಡಿದ್ರು" ಅಂತ ಅಕ್ಕ ನಗಾಡುತ್ತಿದ್ದಳು.

ಹಿಂದಿನ ಸೀಟಿಗೆ ಅಕ್ಕನೇ ಅವರ ಅಳತೆಗೋಲು. ಭಾನುವಾರ ಇಡೀ ದಿನ ಅವಳನ್ನು ಕೂರಿಸಿಕೊಂಡು ಸುತ್ತುವುದು, ಇಳಿದ ತಕ್ಷಣ "ಎಲ್ಲಿ ನೋಯ್ತು?" ಅಂತ ಕೇಳುವುದು, ಸೀಟಿನ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕುವುದು. ಸೋಮವಾರ ಹೊಸ ತುಂಡು. ಹಳೆಯದು ಅಟ್ಟಕ್ಕೆ.

ಕಳೆದ ವರ್ಷ ಕಂಪನಿಯವರು ದೂರಪ್ರಯಾಣದ ನಾಲ್ಕೂ ಬೈಕುಗಳನ್ನು ಸುಧಾರಿಸಲು ಹೊರಟರು. ಗಾಳಿ ತಡೆಯಲು ಮುಂದೆ ಎತ್ತರದ ಗಾಜು, ಮೆತ್ತನೆಯ ಶಾಕ್ ಅಬ್ಸಾರ್ಬರ್, ಅಲುಗಾಡದ ಲಗೇಜ್ ಪೆಟ್ಟಿಗೆ, ನಾಲ್ಕಕ್ಕೂ ಒಂದೇ ಹೊಸ ಸೀಟು. ಭಾವ ಕೆತ್ತಿದ ಮೊದಲನೇ ಸೀಟಿನಿಂದ ಇಳಿದ ಅಕ್ಕ ಸೊಂಟದ ಎಡಗಡೆ, ಸ್ವಲ್ಪ ಮೇಲೆ ಕೈಯಿಟ್ಟಳು. ಎರಡನೆಯದರಲ್ಲೂ ಅಲ್ಲೇ ನೋವು. ಮೂರು, ನಾಲ್ಕು, ಐದು. ಭಾವನಿಗೆ ಹಟ ಹಿಡಿಯಿತು. ನಾನು ಫೋನಿನಲ್ಲಿ ಬೈದೆ: "ಡಾಕ್ಟರಿಗೆ ತೋರಿಸ್ಕೊಳ್ಳೇ, ಏನು ಹುಡುಗಾಟಾನಾ?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೀನಿ. ಸೀಟು ಸರಿಯಿಲ್ಲ, ಅಷ್ಟೇ. ಪಾಪ, ಅವರು ತಲೆ ಕೆಡಿಸ್ಕೊಂಡಿದ್ದಾರೆ."

ಏಳನೇ ಸೀಟಿನಿಂದ ಇಳಿದು "ಎಲ್ಲೂ ನೋಯ್ಲಿಲ್ಲ" ಅಂದಳಂತೆ. ಭಾವ ಚಿಕ್ಕ ಮಕ್ಕಳ ಹಾಗೆ ಕುಣಿದರಂತೆ. ಸೀಟಿಗೆ ಒಪ್ಪಿಗೆಯೂ ಸಿಕ್ಕಿತು. ಮುಂದಿನ ವಾರ ಅಕ್ಕ ಬಚ್ಚಲಲ್ಲಿ ಬಿದ್ದಳು. ಬೆನ್ನುಮೂಳೆಯಲ್ಲಿ ಗಡ್ಡೆ. ಎರಡು ತಿಂಗಳು ಮುಂಚೆಯೇ ಬರಬೇಕಿತ್ತು ಅಂದರು ಡಾಕ್ಟರು. ಏಳು ಸೀಟಿಗೆ ಹಿಡಿದದ್ದೂ ಅಷ್ಟೇ ದಿನ. ಬೈಕುಗಳು ಅಂಗಡಿಗೆ ಬರುವ ಹೊತ್ತಿಗೆ ಅವಳಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಯ ನೋವನ್ನು ಫೋಮಿನಲ್ಲಿ ಹುಡುಕುತ್ತಾ ಕೂತ ಮನುಷ್ಯ! ಬೈದು ನೀರಿಳಿಸಬೇಕು ಅಂತಲೇ ಅವರ ಮನೆಗೆ ಹೋದೆ. ಬಾಗಿಲಲ್ಲಿ ಬೈಕು ನಿಂತಿತ್ತು. ಅಟ್ಟದಿಂದ ಇಳಿಸಿದ ಮೊದಲನೇ ಸೀಟನ್ನು ಅದಕ್ಕೆ ಕೂರಿಸಿದ್ದರು. ಭಾವ ಸೊರಗಿ ಅರ್ಧಕ್ಕರ್ಧ ಆಗಿದ್ದರು.

"ಪುಟ್ಟೀ, ಒಂದು ದಿನ ಇದರ ಮೇಲೆ ಕೂತ್ಕೋತೀಯಾ? ನೀನೂ ಅವಳಷ್ಟೇ ಎತ್ತರ, ಅದೇ ಮೈಕಟ್ಟು. ಈ ಸೀಟಲ್ಲಿ ತಪ್ಪಿತ್ತಾ, ಇಲ್ವಾ, ನನಗೆ ಗೊತ್ತಾಗ್ಬೇಕು."

ಬೈಯಲು ಬಂದವಳು ಹಿಂದಿನ ಸೀಟಿಗೆ ಹತ್ತಿ ಕೂತೆ.

ಬೆಳಗ್ಗೆಯಿಂದ ಸಂಜೆಯವರೆಗೆ ಸುತ್ತಿದೆವು. ಆ ಸೀಟು, ನಿಜ ಹೇಳುತ್ತೇನೆ, ಹೂವಿನ ಹಾಗಿತ್ತು. ಹಿಂದೆ ಕೂತು ನಾನು ದಾರಿಯುದ್ದಕ್ಕೂ ಅತ್ತೆ.

ಮನೆ ಮುಂದೆ ಇಳಿದೆ. ಅವರು ಜೇಬಿನಿಂದ ಚಾಕ್‌ಪೀಸ್ ತೆಗೆದರು. "ಎಲ್ಲಿ ನೋಯ್ತು?"

ನೆಲ ನೋಡುತ್ತಾ ಸೊಂಟದ ಎಡಗಡೆ, ಸ್ವಲ್ಪ ಮೇಲೆ ಕೈಯಿಟ್ಟೆ. "ಅಬ್ಬಾ, ಇಲ್ಲಿ. ಜೀವ ಹೋಯ್ತು ಭಾವ."

ಅವರು ನನ್ನ ಮುಖ ನೋಡಿದರು. ಗುರುತು ಹಾಕಲಿಲ್ಲ. ಚಾಕ್‌ಪೀಸನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

"ಏಳನೇ ಸೀಟಿಂದ ಇಳಿದಾಗ ನಿಮ್ಮಕ್ಕನೂ 'ಎಲ್ಲೂ ನೋಯ್ಲಿಲ್ಲ' ಅಂತ ಹೀಗೇ ಹೇಳಿದ್ಲು ಪುಟ್ಟೀ," ಅಂದರು, "ನನ್ನ ಮುಖ ನೋಡದೆ."